ಖಾರ್ಗ್‌ಗೆ ಎಲ್ಲರೂ ಹೋಗುತ್ತಿದ್ದರು

2023ರ ಡಿಸೆಂಬರ್ 23ರಂದು ಗುಜರಾತಿನ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ಆಚೆ ಕೆಮ್ ಪ್ಲೂಟೋ ಎಂಬ ಟ್ಯಾಂಕರಿಗೆ ಡ್ರೋನ್ ಬಂದು ಬಡಿಯಿತು. ಸೌದಿಯ ಅಲ್ ಜುಬೈಲ್‌ನಲ್ಲಿ ತೈಲ ತುಂಬಿಸಿಕೊಂಡು ಹೊರಟ ಹಡಗು. ಬರುತ್ತಿದ್ದದ್ದು ನಮ್ಮ ಪಣಂಬೂರಿನ ಬಂದರಿಗೆ. ಒಳಗಿದ್ದವರು 20 ಮಂದಿ ಭಾರತೀಯರು ಮತ್ತು ಒಬ್ಬ ವಿಯೆಟ್ನಾಮಿನವ. ಬೆಂಕಿಯನ್ನು ಅವರೇ ಆರಿಸಿದರು, ಯಾರ ಜೀವಕ್ಕೂ ಏನೂ ಆಗಲಿಲ್ಲ, ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಜೊತೆಗಿದ್ದು ಮುಂಬಯಿಗೆ ತಲುಪಿಸಿತು. ಸುದ್ದಿ ಎರಡು ದಿನ ಓಡಿ ನಿಂತಿತು. ಗಾಜಾದ ಯುದ್ಧ ಗಾಜಾದಲ್ಲಿ, ಕೆಂಪು ಸಮುದ್ರದ ಗಲಾಟೆ ಕೆಂಪು ಸಮುದ್ರದಲ್ಲಿ ಎಂದುಕೊಂಡು ಬೆಂಗಳೂರಿನಲ್ಲಿ ಕೂತಿದ್ದ ನನಗೆ ಮಾತ್ರ ಆ ಹಡಗಿನ ಗಮ್ಯಸ್ಥಾನದ ಹೆಸರು ಓದಿದ ಮೇಲೆ ಸಮಾಧಾನ ಆಗಲಿಲ್ಲ. ಪಣಂಬೂರಿನ ಬೀಚಿನಲ್ಲಿ ನಿಂತು ಹೊರಗೆ ಲಂಗರು ಹಾಕಿದ ಟ್ಯಾಂಕರುಗಳನ್ನು ನೋಡುತ್ತಾ ಚುರುಮುರಿ ತಿಂದು ಬೆಳೆದವರು ನಾವು.

ಊರಿಗೆ ಫೋನ್ ಮಾಡಿದೆ. ಗಂಗೊಳ್ಳಿಯ ಹತ್ತಿರದ ಮನೆಯಲ್ಲಿ ನನ್ನ ಮಾವ, ಅಂದರೆ ಅಮ್ಮನ ತಮ್ಮ, ಎಂಬತ್ತರ ದಶಕವನ್ನೆಲ್ಲ ಟ್ಯಾಂಕರುಗಳಲ್ಲಿ ಪಂಪ್‌ಮ್ಯಾನ್ ಆಗಿ ಕಳೆದವರು, ಸುದ್ದಿ ಕೇಳಿ ನಕ್ಕರು. "ಇದ್ ಎಂತಾ ಯುದ್ಧ ಮಾರಾಯ? ನಾವ್ ಖಾರ್ಗಿಗೆ ಹೋಪತಿಗೆ ದಿನಾ ಒಂದ್ ಹಡಗಿಗೆ ಬೀಳ್ತಿತ್ತ್." ಖಾರ್ಗ್ ಎಂದರೆ ಇರಾನಿನ ಎಣ್ಣೆ ತುಂಬಿಸುವ ದ್ವೀಪ, ಅವರು ಹೇಳುತ್ತಿದ್ದದ್ದು ಇರಾನ್–ಇರಾಕ್ ಯುದ್ಧದ ಕಾಲದ ಮಾತು. ಪಕ್ಕದಲ್ಲೇ ಕೂತಿದ್ದ ನನ್ನ ಅಕ್ಕನಿಗೆ ಆ ನಗು ಸಹಿಸಲಾಗಲಿಲ್ಲ. ಅವಳ ಮಗ ಆ ಹೊತ್ತಿಗೆ ಗೊಬ್ಬರ, ಗೋಧಿಯಂಥ ಸುರಿ ಸರಕು ಹೊರುವ ಒಂದು ಬಲ್ಕ್ ಕ್ಯಾರಿಯರ್‌ನಲ್ಲಿ ಥರ್ಡ್ ಇಂಜಿನಿಯರ್ ಆಗಿದ್ದ. "ನಿಮ್ಮ ಕಾಲದಲ್ಲಿ ಹೆಚ್ಚು ಅಪಾಯ ಇತ್ತು ಅಂದ್ರೆ ಈಗ ಅಪಾಯ ಇಲ್ಲ ಅಂತಲಾ?" ಎಂದು ಅವಳು ಫೋನಿನಾಚೆ ಜಗಳಕ್ಕೆ ನಿಂತದ್ದು ನನಗೆ ಕೇಳಿಸುತ್ತಿತ್ತು. ಆವತ್ತಿನಿಂದ ಈ ಪ್ರಶ್ನೆ ನಮ್ಮ ಮನೆಯಲ್ಲಿ ಬಗೆಹರಿಯದೆ ಉಳಿದಿದೆ. ಯಾವ ಯುದ್ಧದ ಸಮುದ್ರ ಹೆಚ್ಚು ಅಪಾಯದ್ದು, ಆಗಿನದೋ, ಈಗಿನದೋ?

ಬರೇ ಲೆಕ್ಕ ಹಾಕಿದರೆ ಮಾವನ ಮಾತೇ ಸರಿ. ಇರಾನ್–ಇರಾಕ್ ಯುದ್ಧದ ಕತೆಯನ್ನು ಇಲ್ಲಿ ಮತ್ತೆ ಹೇಳುವುದು ಬೇಡ. ಅದರ ಒಂದು ಭಾಗವಾಗಿ, ಮುಖ್ಯವಾಗಿ 1984ರಿಂದ 1988ರವರೆಗೆ ನಡೆದ ಟ್ಯಾಂಕರ್ ಯುದ್ಧದಲ್ಲಿ 400ಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳ ಮೇಲೆ ದಾಳಿಯಾಯಿತು, 400ಕ್ಕೂ ಹೆಚ್ಚು ನಾವಿಕರು ಸತ್ತರು. ಇವರು ಸೈನಿಕರಲ್ಲ, ಸಂಬಳಕ್ಕೆ ಹಡಗು ಹತ್ತಿದವರು. ಕೆಂಪು ಸಮುದ್ರದಲ್ಲಿ 2023ರ ನವೆಂಬರಿನಿಂದ ಯೆಮನ್‌ನ ಬಂಡುಕೋರ ಹೂಥಿಗಳು, ಗಾಜಾ ಯುದ್ಧದ ಹೆಸರಿನಲ್ಲಿ ಇಸ್ರೇಲಿನ ಸಂಬಂಧ ಹುಡುಕಿ, ನಡೆಸಿದ ದಾಳಿಗಳಿಗೆ 100ಕ್ಕೂ ಹೆಚ್ಚು ಹಡಗುಗಳು ಗುರಿಯಾಗಿವೆ. ರುಬಿಮಾರ್, ಟ್ಯೂಟರ್, ಮ್ಯಾಜಿಕ್ ಸೀಸ್, ಎಟರ್ನಿಟಿ ಸಿ ಎಂಬ ನಾಲ್ಕು ಹಡಗುಗಳು ಮುಳುಗಿವೆ. 2025ರ ಕೊನೆಯವರೆಗೆ ಸತ್ತ ನಾವಿಕರ ಸಂಖ್ಯೆ ಹತ್ತರ ಆಸುಪಾಸಿನಲ್ಲಿದೆ. ನೂರಾರು ಎಲ್ಲಿ, ಹತ್ತೆಲ್ಲಿ? ಅಕ್ಕನಿಗೆ ಈ ಅಂಕಿ ಹೇಳಿದರೆ ಅವಳು ಒಪ್ಪುವುದಿಲ್ಲ. ಬಹಳ ದಿನ ನಾನು ಅದನ್ನು ತಾಯಿಯ ಕರುಳು ಎಂದು ಬದಿಗಿಟ್ಟಿದ್ದೆ. ಈಗ ಅವಳ ಒಪ್ಪದಿರುವಿಕೆಯಲ್ಲಿ ಅಂಕಿಗೆ ಸಿಗದ ಏನೋ ಒಂದು ವಿಚಾರ ಇದೆ ಅನ್ನಿಸುತ್ತದೆ.

ಖಾಲಿ ಟ್ಯಾಂಕು

ಮಾವನ ಸಿಡಿಸಿ ಪುಸ್ತಕ, ನಾವಿಕನ ಜಾತಕ ಇದ್ದ ಹಾಗೆ ಅದು, ಇನ್ನೂ ಗೋದ್ರೆಜ್ ಕಪಾಟಿನ ಲಾಕರಿನಲ್ಲಿದೆ. ಹಡಗಿನ ಹೆಸರು, ಹತ್ತಿದ ಬಂದರು, ಇಳಿದ ಬಂದರು, ಹುದ್ದೆ, ಕ್ಯಾಪ್ಟನ್ನಿನ ಸಹಿ. ಶಾಯಿ ಕಂದಿದೆ, ಕೆಲವು ಪುಟದಲ್ಲಿ ಎಣ್ಣೆಯ ಬೆರಳಚ್ಚು ಹಾಗೇ ಉಳಿದಿದೆ. ಅದರಲ್ಲಿ ಖಾರ್ಗ್ ಎಂಬ ಹೆಸರು ಒಂದು ಕಡೆಯೂ ಇಲ್ಲ. ಅಲ್ಲಿ ಯಾರೂ ಹತ್ತುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಬರೇ ಹೋಗಿ ತುಂಬಿಸಿಕೊಂಡು ಬರುತ್ತಿದ್ದರು. ಇರಾನಿನ ಕಚ್ಚಾತೈಲ ಬಹುಪಾಲು ಹೊರಡುತ್ತಿದ್ದದ್ದು ಪರ್ಷಿಯನ್ ಕೊಲ್ಲಿಯ ಮೇಲ್ತುದಿಯ ಈ ಸಣ್ಣ ದ್ವೀಪದಿಂದ. ಇರಾಕಿನ ವಿಮಾನಗಳಿಗೆ ಅದು ಕೈಗೆಟಕುವ ದೂರ. ಹೊರದೇಶದ ಕೊಳ್ಳುವವರು ಅಷ್ಟು ಮೇಲಕ್ಕೆ ಬರಲು ಹೆದರತೊಡಗಿದ ಮೇಲೆ ಇರಾನ್ ತಾನೇ ಬಾಡಿಗೆ ಹಡಗುಗಳನ್ನು ಇಟ್ಟು ಖಾರ್ಗ್‌ನಿಂದ ಎಣ್ಣೆಯನ್ನು ಕೆಳಗಿನ ಸಿರ್ರಿ ದ್ವೀಪಕ್ಕೆ, ಆಮೇಲೆ ಕೊಲ್ಲಿಯ ಬಾಯಿಯಾದ ಹೊರ್ಮುಜ್ ಜಲಸಂಧಿಯ ಲಾರಕ್‌ಗೆ ಸಾಗಿಸಿ ಅಲ್ಲಿ ದೊಡ್ಡ ಹಡಗುಗಳಿಗೆ ತುಂಬಿಸುತ್ತಿತ್ತು. ಮಾವ ಕೆಲಸ ಮಾಡಿದ್ದು ಇಂಥ ಒಂದು ಷಟಲ್ ಹಡಗಿನಲ್ಲಿ. ಉಡುಪಿ–ಕುಂದಾಪುರದ ಸರ್ವಿಸ್ ಬಸ್ಸಿನ ಹಾಗೆ ಹೋಗುವುದು ಬರುವುದು.

"ರಾತ್ರಿ ದೀಪ ಇಲ್ಲ. ಪೋರ್ಟ್‌ಹೋಲಿಗೆಲ್ಲ ಕಂಬಳಿ. ಕ್ಯಾಬಿನ್ನಿನಲ್ಲಿ ಯಾರೂ ಮಲಗುವ ಹಾಗಿಲ್ಲ, ಆಲಿವೇಯಲ್ಲಿ, ಅಂದರೆ ಕ್ಯಾಬಿನ್ನುಗಳ ನಡುವಿನ ಓಣಿಯಲ್ಲಿ, ಹಾಸಿಗೆ ಹಾಕಿ ಸಾಲಾಗಿ ಮಲಗುವುದು, ಲೈಫ್‌ಜಾಕೆಟ್ಟೇ ತಲೆದಿಂಬು" ಎಂದು ಅವರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಕೇಳಿದ ಪೆದ್ದು ಪ್ರಶ್ನೆ, ಹಡಗಿನ ತುಂಬ ಎಣ್ಣೆ ಇಟ್ಟುಕೊಂಡು ನಿದ್ದೆ ಹೇಗೆ ಬರುತ್ತಿತ್ತು ಎಂದು. ಮಾವ ತಲೆ ಅಲ್ಲಾಡಿಸಿದರು. ತುಂಬಿದ ಟ್ಯಾಂಕಿಗೆ ಅವರು ಹೆದರುತ್ತಲೇ ಇರಲಿಲ್ಲವಂತೆ. ಕಚ್ಚಾತೈಲ ದಪ್ಪ, ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಕ್ಷಿಪಣಿ ಒಳಹೊಕ್ಕರೂ ಎಷ್ಟೋ ಸಲ ಎಣ್ಣೆಯೇ ಅದನ್ನು ನುಂಗಿಬಿಡುತ್ತಿತ್ತು. ದೊಡ್ಡ ಟ್ಯಾಂಕರುಗಳು ಏಟು ತಿಂದೂ ತೇಲಿಕೊಂಡು ದುಬೈಯ ಡ್ರೈಡಾಕಿಗೆ ಬಂದದ್ದು ಹಾಗೆ. ಭಯವೆಲ್ಲ ಎಣ್ಣೆ ಖಾಲಿ ಮಾಡಿ ಮರಳಿ ಖಾರ್ಗ್ ಕಡೆ ಹೊರಟಾಗ. ಖಾಲಿ ಟ್ಯಾಂಕಿನಲ್ಲಿ ಉಳಿಯುವುದು ಎಣ್ಣೆಯ ಆವಿ. ಗಾಳಿ ಹದವಾಗಿ ಬೆರೆತರೆ ಒಂದು ಕಿಡಿ ಸಾಕು. ಅದಕ್ಕೇ ಇನರ್ಟ್ ಗ್ಯಾಸ್, ಅಂದರೆ ಬಾಯ್ಲರಿನ ಹೊಗೆಯನ್ನೇ ತೊಳೆದು ತಣಿಸಿ ಟ್ಯಾಂಕಿಗೆ ಬಿಟ್ಟು ಆಮ್ಲಜನಕ ಕಡಿಮೆ ಮಾಡುವ ವ್ಯವಸ್ಥೆ. ಆ ಗೇಜಿನ ಮುಳ್ಳನ್ನು ನೋಡಿಕೊಳ್ಳುವುದು ಅವರ ಪಾಲಿನ ಯುದ್ಧ. "ಇರಾಕಿನವನ ಕೈಯಲ್ಲಿ ಇರೂದು ಅವನ ಕೈಯಲ್ಲೇ ಇರ್ತ್. ಗೇಜ್ ನನ್ನ ಕೈಯಲ್ಲಿತ್ತಲ್ಲ" ಎಂದರು.

ಈ ಮಾತು ನನಗೆ ಬಹಳ ಮುಖ್ಯ ಅನ್ನಿಸಿದ್ದು ಆಮೇಲೆ. ಮಾವನಿಗೆ ಅಪಾಯ ಎಲ್ಲಿದೆ ಎಂಬುದು ಗೊತ್ತಿತ್ತು. ಖಾರ್ಗ್ ಹತ್ತಿರ ಹೆಚ್ಚು, ಸಿರ್ರಿಗೆ ಬಂದರೆ ಕಡಿಮೆ, ಹೊರ್ಮುಜ್ ದಾಟಿದರೆ ಇಲ್ಲ. ದಾಟಿದ ರಾತ್ರಿ ಹಡಗಿನ ಅಡುಗೆಯವ ಭಂಡಾರಿ ಎಲ್ಲರಿಗೂ ಪಾಯಸ ಮಾಡುತ್ತಿದ್ದನಂತೆ. ಹಾಗಂತ ಆ ಗೆರೆ ನಂಬುವಂಥದ್ದೇನೂ ಆಗಿರಲಿಲ್ಲ. 1986ರಲ್ಲಿ ಇರಾಕಿನ ವಿಮಾನಗಳು ಮೊದಲು ಸಿರ್ರಿಯವರೆಗೆ, ಅದೇ ವರ್ಷದ ಕೊನೆಗೆ ಲಾರಕ್‌ವರೆಗೂ ಬಂದುಬಿಟ್ಟವು. 1988ರ ಮೇ ತಿಂಗಳಲ್ಲಿ ಅದೇ ಲಾರಕ್ ಬಳಿ ಲಂಗರು ಹಾಕಿದ್ದ ಸೀವೈಸ್ ಜೈಂಟ್‌ಗೆ, ಮನುಷ್ಯ ಕಟ್ಟಿದ ಅತಿ ಉದ್ದದ ಹಡಗು, 458 ಮೀಟರ್, ಬೆಂಕಿ ಬಿತ್ತು. (ಅದು ಸುಟ್ಟು ಕೂತರೂ ಅದನ್ನು ಎತ್ತಿ ರಿಪೇರಿ ಮಾಡಿ, ಹೆಸರು ಮೇಲೆ ಹೆಸರು ಬದಲಿಸಿ ಮತ್ತೆ ಸುಮಾರು ಎರಡು ದಶಕ ದುಡಿಸಿಕೊಂಡರು. ಕೊನೆಗೆ ಒಡೆದದ್ದು ನಮ್ಮ ಗುಜರಾತಿನ ಅಲಂಗ್‌ನಲ್ಲಿ. ಮಾವ ಆ ಸುದ್ದಿ ಓದಿ ಹಳೇ ಪರಿಚಯದವರು ತೀರಿಕೊಂಡ ಹಾಗೆ ಒಂದು ದಿನ ಸುಮ್ಮನಿದ್ದರು.)

ಇರಾಕಿನದು ಮೇಲಿನಿಂದ ಬರುವ ಭಯವಾದರೆ ಇರಾನಿನದು ಎದುರಿಗೆ ಬಂದು ಮಾತಾಡಿಸುವ ಭಯ. ಇರಾಕಿಗೆ ಸಮುದ್ರದ ಮೇಲೆ ಹೊಡೆಯಿಸಿಕೊಳ್ಳಲು ಹಡಗುಗಳೇ ಉಳಿದಿರಲಿಲ್ಲ, ಅದರ ಎಣ್ಣೆ ಕೊಳವೆಯಲ್ಲಿ ಹೋಗುತ್ತಿತ್ತು. ಹಾಗಾಗಿ ಇರಾನ್ ಸೇಡು ತೀರಿಸಿಕೊಂಡದ್ದು ಇರಾಕಿಗೆ ಬೆಂಬಲ ಕೊಡುತ್ತಿದ್ದ ಕುವೈತ್, ಸೌದಿ ಬಂದರುಗಳಿಗೆ ಹೋಗುವ ಹಡಗುಗಳ ಮೇಲೆ. ಒಂದು ಕಾಂಟ್ರ್ಯಾಕ್ಟಿನಲ್ಲಿ ಕುವೈತಿಗೆ ಹೋಗುವ ಹಡಗು ಹತ್ತಿದ ಮಾವ ಎರಡು ಕಡೆಯ ಭಯವನ್ನೂ ಕಂಡವರು. ಸಬಲಾನ್ ಎಂಬ ಇರಾನಿ ಯುದ್ಧನೌಕೆಯ ಹೆಸರು ಹೇಳಿದರೆ ಈಗಲೂ ಅವರ ಮುಖ ಬಿಗಿಯುತ್ತದೆ. ಅದರ ಕಪ್ತಾನನಿಗೆ ನಾವಿಕರು ಕ್ಯಾಪ್ಟನ್ ನ್ಯಾಸ್ಟಿ ಎಂದು ಹೆಸರಿಟ್ಟಿದ್ದರು. ಹಡಗನ್ನು ಮುಳುಗಿಸುವುದು ಅವನ ಉದ್ದೇಶ ಆಗಿರಲಿಲ್ಲ, ಜನ ಮಲಗುವ ಜಾಗಕ್ಕೆ ಗುರಿಯಿಟ್ಟು ಹೊಡೆಯುವುದಕ್ಕೆ ಕುಖ್ಯಾತನಾಗಿದ್ದ. ಹಡಗು ಕಂಪನಿಯದು, ವಿಮೆ ಬರುತ್ತದೆ. ಸಾಯುವುದು ಜನ, ಜನ ಹೆದರಿದರೆ ಹಡಗು ನಿಲ್ಲುತ್ತದೆ. ಅವನ ಲೆಕ್ಕ ಅದು.

ಅಮೆರಿಕ ಬಂದ ಮೇಲೆ ಭಯ ಕಡಿಮೆಯಾಯಿತಾ ಎಂದು ಕೇಳಿದರೆ ಮಾವ ಬ್ರಿಜ್‌ಟನ್ ಕತೆ ಹೇಳುತ್ತಾರೆ. 1987ರ ಜುಲೈಯಲ್ಲಿ ಕುವೈತಿನ ಟ್ಯಾಂಕರುಗಳಿಗೆ ಅಮೆರಿಕದ ಬಾವುಟ ಏರಿಸಿ, ಯುದ್ಧನೌಕೆಗಳ ಕಾವಲಿನಲ್ಲಿ ಮೊದಲ ಸಾಲು ಹೊರಟಿತು. ಬ್ರಿಜ್‌ಟನ್ ಎಂಬ ಟ್ಯಾಂಕರ್ ಸಮುದ್ರದಲ್ಲಿ ಇಟ್ಟಿದ್ದ ಮೈನ್ ಎಂಬ ಸಿಡಿಬಾಂಬಿಗೆ ಬಡಿಯಿತು. ಟ್ಯಾಂಕರಿಗೆ ತೂತು ಬಿತ್ತು, ಆದರೂ ನಡೆಯಿತು. ಆಮೇಲೆ ಕಾವಲಿಗೆ ಬಂದ ಯುದ್ಧನೌಕೆಗಳು ಅದರ ಬೆನ್ನ ಹಿಂದೆ ಸಾಲಾಗಿ ನಿಂತು ಹೋದವು, ಇನ್ನೊಂದು ಮೈನ್ ಸಿಕ್ಕಿದರೆ ಟ್ಯಾಂಕರೇ ತಡೆದುಕೊಳ್ಳಲಿ ಎಂದು. "ಕಾವಲಿನವನಿಗೆ ನಾವು ಕಾವಲು" ಎಂದು ಮಾವ ಈಗಲೂ ಹೊಟ್ಟೆ ಹಿಡಿದು ನಗುತ್ತಾರೆ.

ಊರಿನ ಹೆಸರಿರಬೇಕಾದ ಸಾಲು

ಈ ಎಲ್ಲ ಕಾಲದಲ್ಲಿ ಅತ್ತೆಗೆ ಏನೂ ಗೊತ್ತಿರುತ್ತಿರಲಿಲ್ಲ. ಪತ್ರ ಬರೆಯಬೇಕಾದ್ದು ಮುಂಬಯಿಯ ಆಫೀಸಿನ ವಿಳಾಸಕ್ಕೆ, ಅಲ್ಲಿಂದ ಏಜೆಂಟನ ಕೈಗೆ, ಅಲ್ಲಿಂದ ಹಡಗಿಗೆ. ಒಮ್ಮೆ ಮಾವ ರಜೆಯಲ್ಲಿ ಬಂದು ಮನೆಯಲ್ಲಿರುವಾಗ, ತಾವೇ ಕೊಲ್ಲಿಯಿಂದ ಹಾಕಿದ್ದ ಕಾಗದವನ್ನು ತಾವೇ ಪೋಸ್ಟ್‌ಮ್ಯಾನ್ ಕೈಯಿಂದ ಇಸಿದುಕೊಂಡು, 'ನಾನು ಕ್ಷೇಮ' ಎಂದು ಅತ್ತೆಗೆ ಓದಿ ಹೇಳಿದ್ದರಂತೆ. ಅತ್ತೆಯ ಭಯಕ್ಕೆ ಹೊತ್ತುಗೊತ್ತು ಇತ್ತು. ಉದಯವಾಣಿಯ ಒಂದು ಮೂಲೆಯಲ್ಲಿ ಕೊಲ್ಲಿಯ ಸುದ್ದಿ ಬಂದ ದಿನ ಹೆಚ್ಚು, ಉಳಿದ ದಿನ ದನಕರು, ಗದ್ದೆ, ಮಕ್ಕಳ ಫೀಸು.

ಅಕ್ಕನದು ಬೇರೆ ಪಾಡು. 2024ರ ಮಾರ್ಚ್ ತಿಂಗಳ ಕೊನೆಗೆ ಅವಳ ಮಗನ ಹಡಗು ಕಪ್ಪು ಸಮುದ್ರದ ಕಡೆಯಿಂದ ಗೊಬ್ಬರ ತುಂಬಿಕೊಂಡು ಸೂಯೆಜ್ ದಾಟಿ ಕೆಳಗಿಳಿಯಿತು. ಅದೇ ತಿಂಗಳ 6ರಂದು ಏಡನ್ ಕೊಲ್ಲಿಯಲ್ಲಿ ಟ್ರೂ ಕಾನ್ಫಿಡೆನ್ಸ್ ಎಂಬ ಬಲ್ಕ್ ಕ್ಯಾರಿಯರ್‌ಗೆ ಕ್ಷಿಪಣಿ ಬಡಿದು ಮೂವರು ಸತ್ತಿದ್ದರು. ಕೆಂಪು ಸಮುದ್ರದ ಈ ಸರಣಿಯಲ್ಲಿ ನಾವಿಕರು ಸತ್ತದ್ದು ಅದೇ ಮೊದಲು. ಉಳಿದವರನ್ನು ನಮ್ಮ ಐಎನ್‌ಎಸ್ ಕೋಲ್ಕತಾ ಎತ್ತಿಕೊಂಡು ಬಂತು. ಆ ವಿಡಿಯೋ ಅಕ್ಕನ ಫೋನಿಗೆ ಎಷ್ಟು ಗ್ರೂಪುಗಳಿಂದ ಬಂದಿತ್ತೋ. ನಾನು ಯುಗಾದಿಗೆ ಮುಂಚೆ ಊರಿಗೆ ಹೋಗಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ, ತೆಂಗಿನ ತುರಿಯ ಪಕ್ಕದಲ್ಲಿ, ಹಡಗುಗಳನ್ನು ತೋರಿಸುವ ಆ್ಯಪ್ ತೆರೆದಿಟ್ಟ ಫೋನು. ನೀಲಿ ನಕ್ಷೆಯ ಮೇಲೆ ಬಾಣದ ತುದಿಯಂಥ ಸಣ್ಣ ಸಣ್ಣ ಗುರುತುಗಳು. ಒಂದನ್ನು ಬೆರಳಲ್ಲಿ ಒತ್ತಿದರೆ ಹಡಗಿನ ಹೆಸರು, ವೇಗ, ಹೋಗುತ್ತಿರುವ ಊರು ಎಲ್ಲ ಬರುತ್ತದೆ. ಅಕ್ಕ ಕೈ ಸೆರಗಿಗೆ ಒರೆಸಿಕೊಂಡು ಮಗನ ಹಡಗನ್ನು ಒತ್ತಿ ನನಗೆ ತೋರಿಸಿದಳು. "ಇದ್ ಯಾವ ಊರು?" ಎಂದಳು.

ಊರಿನ ಹೆಸರು ಇರಬೇಕಾದ ಸಾಲಿನಲ್ಲಿ 'ನೋ ಲಿಂಕ್ ಇಸ್ರೇಲ್' ಎಂದಿತ್ತು. ಪಕ್ಕದ ಹಡಗನ್ನು ಒತ್ತಿದೆ, 'ಆಲ್ ಚೈನೀಸ್ ಕ್ರೂ'. ಇನ್ನೊಂದನ್ನು ಒತ್ತಿದೆ, 'ಆರ್ಮ್ಡ್ ಗಾರ್ಡ್ಸ್ ಆನ್‌ಬೋರ್ಡ್'. ಎಐಎಸ್ ಎಂಬ ಈ ಯಂತ್ರವನ್ನು ಹಡಗುಗಳಲ್ಲಿ ಕಡ್ಡಾಯ ಮಾಡಿದ್ದು ಕತ್ತಲಲ್ಲಿ, ಮಂಜಿನಲ್ಲಿ ಒಂದಕ್ಕೊಂದು ಡಿಕ್ಕಿ ಆಗದಿರಲಿ ಎಂದು. ಈಗ ಅದೇ ಸಾಲಿನಲ್ಲಿ ನಾವಿಕರು ದಡದಲ್ಲಿ ಕೂತ, ಮುಖ ಕಾಣದ ಯಾರಿಗೋ ಅರ್ಜಿ ಬರೆಯುತ್ತಿದ್ದರು, ನಮ್ಮನ್ನು ಬಿಟ್ಟುಬಿಡಿ ಎಂದು. ಆ ಅರ್ಜಿಯನ್ನು ಓದುವವರು ಯಾರು, ಓದುತ್ತಾರೋ ಇಲ್ಲವೋ ತಿಳಿಯದು. ಅಕ್ಕನಿಗೆ ಏನೋ ಒಂದು ಊರಿನ ಹೆಸರು ಹೇಳಿಬಿಡೋಣ ಎಂದುಕೊಂಡೆ, ಆದರೆ ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಕೇಳಿದ್ದು ಸುಮ್ಮನೆ. ಸಂಜೆ ಹೊತ್ತಿಗೆ ಗುರುತೇ ಇಲ್ಲ. ಎಐಎಸ್ ಬಂದ್ ಮಾಡಿದ್ದರು. ಆ ರಾತ್ರಿ ಅವಳು ಮಲಗಿದ್ದನ್ನು ನಾನು ನೋಡಲಿಲ್ಲ. ಜಗಲಿಯಿಂದ ಮಾವ, "ನಿನ್ನ ಅತ್ತೆಗೆ ಈ ಪೀಡೆ ಇರ್ಲಿಲ್ಲ ಕಾಣ್" ಎಂದರು. ಎರಡನೇ ದಿನ ಗುರುತು ಅರಬ್ಬೀ ಸಮುದ್ರದಲ್ಲಿ ಎದ್ದಿತು. ಮಗನ ಮೆಸೇಜೂ ಬಂತು.

ಆದರೆ ಈ ಸಾಲಿನ ವಿಚಾರ ನನಗೆ ಬಿಡಲಿಲ್ಲ. ಎಂಬತ್ತರ ದಶಕದಲ್ಲಿ ಗುರಿಯಾಗುವುದಕ್ಕೆ ಕಾರಣ ಕಣ್ಣಿಗೆ ಕಾಣುತ್ತಿತ್ತು. ಖಾರ್ಗ್‌ಗೆ ಹೋದರೆ ಇರಾಕ್ ಹೊಡೆಯುತ್ತದೆ, ಕುವೈತಿಗೆ ಹೋದರೆ ಇರಾನ್. ಎಲ್ಲಿಗೆ ಹೋಗುತ್ತೀ ಎಂಬುದೇ ಅಪರಾಧ. ಈಗಿನ ಅಪರಾಧ ಕಾಗದದಲ್ಲಿರುತ್ತದೆ. ಹಡಗಿನ ಮಾಲೀಕ ಯಾರು, ಅವನ ಇನ್ನೊಂದು ಹಡಗು ಇಸ್ರೇಲಿನ ಬಂದರಿಗೆ ಹೋಗಿತ್ತೇ, ಮೂರು ವರ್ಷದ ಹಿಂದೆ ಈ ಹಡಗು ಯಾರ ಕೈಯಲ್ಲಿತ್ತು. ಮಾರಾಟವಾಗಿ ಹೋದ ಮೇಲೂ ಹಳೆಯ ಮಾಲೀಕನ ದಾಖಲೆ ನಂಬಿ ದಾಳಿ ಮಾಡಿದ ಉದಾಹರಣೆಗಳಿವೆ. ಎಂಜಿನ್ ರೂಮಿನಲ್ಲಿ ಎಣ್ಣೆ ಫಿಲ್ಟರ್ ಬದಲಿಸುತ್ತಿರುವ ಹುಡುಗನಿಗೆ ತನ್ನ ಹಡಗಿನ ನಿಜವಾದ ಮಾಲೀಕ ಯಾವ ದೇಶದವನೆಂದು ಗೊತ್ತಿರುವುದೇ ಅಪರೂಪ. ಬಾವುಟ ಲೈಬೀರಿಯಾದ್ದು, ಮ್ಯಾನೇಜರ್ ಗ್ರೀಸಿನವನು, ಸಂಬಳ ಬರುವುದು ಇನ್ನೆಲ್ಲಿಂದಲೋ. ಮಾವನ ಕೈಯಲ್ಲಿದ್ದ ಗೇಜಿನಂಥದ್ದು ಇವನ ಕೈಯಲ್ಲಿ ಯಾವುದೂ ಇಲ್ಲ.

ಎಲ್ಲಿ ನಿಲ್ಲಬೇಕು ಎಂಬುದೂ ತಿಳಿಯುವುದಿಲ್ಲ. ರಜೆಯಲ್ಲಿ ಬಂದಾಗ ಅಳಿಯ, ಅಂದರೆ ಅಕ್ಕನ ಈ ಮಗ, ವಿವರಿಸಿದ. ಸೊಮಾಲಿಯಾದ ಕಡಲ್ಗಳ್ಳರ ಕಾಲದಿಂದ ಹಡಗುಗಳಲ್ಲಿ ಸಿಟಡೆಲ್ ಎಂಬ ಭದ್ರ ಕೋಣೆ ಇರುತ್ತದೆ, ಸಾಮಾನ್ಯವಾಗಿ ಕೆಳಗೆ, ಎಂಜಿನ್ ಕಡೆಗೆ. ಕಳ್ಳರು ಹತ್ತಿದರೆ ಅಲ್ಲಿ ಹೊಕ್ಕು ಬಾಗಿಲು ಹಾಕಿಕೊಳ್ಳುವುದು. ಕ್ಷಿಪಣಿ ಮೇಲಿನಿಂದ ಬರುತ್ತದೆ, ಹಾಗಾಗಿ ಕೆಲಸವಿಲ್ಲದವರೆಲ್ಲ ಕೆಳಗಿರಿ ಎಂದು ಅವರ ಕ್ಯಾಪ್ಟನ್ ಹೇಳಿದ್ದ. ಅವರು ದಾಟಿ ಮೂರು ತಿಂಗಳಾಗುವುದರೊಳಗೆ, 2024ರ ಜೂನ್ 12ರಂದು, ಟ್ಯೂಟರ್ ಹಡಗಿಗೆ ಬಡಿದದ್ದು ನೀರಿನ ಮೇಲೆ ಓಡುವ ಡ್ರೋನ್ ದೋಣಿ. ಬಡಿದದ್ದು ಹಿಂಭಾಗಕ್ಕೆ, ನೀರಿನ ಮಟ್ಟಕ್ಕೆ. ಸತ್ತ ಫಿಲಿಪೈನ್ಸ್ ನಾವಿಕ ಎಂಜಿನ್ ರೂಮಿನಲ್ಲಿದ್ದ. ಸಬಲಾನ್ ಕಾಲದಲ್ಲಿ ಮೇಲಿರುವವನು ಸಾಯುತ್ತಿದ್ದ, ಕೆಳಗಿಳಿದರೆ ಉಳಿಯುತ್ತಿದ್ದ. ಈಗ ಮೇಲಿನದಕ್ಕೆ ಕೆಳಗೆ ಹೋಗಬೇಕು, ಕೆಳಗಿನದಕ್ಕೆ ಮೇಲೆ ಬರಬೇಕು, ಯಾವುದು ಬರುತ್ತದೆ ಎಂದು ಮೊದಲೇ ಯಾರೂ ಹೇಳುವುದಿಲ್ಲ. ಸರಕಿನ ಅದೃಷ್ಟವೂ ಹಾಗೆಯೇ. 2024ರ ಜನವರಿ 26ರಂದು ಏಡನ್ ಕೊಲ್ಲಿಯಲ್ಲಿ ಏಟು ತಿಂದ ಮಾರ್ಲಿನ್ ಲುವಾಂಡಾದಲ್ಲಿ ಇದ್ದದ್ದು ನಾಫ್ತಾ, ಪೆಟ್ರೋಲಿನ ಹಾಗೆ ಬೇಗ ಹೊತ್ತಿಕೊಳ್ಳುವ ಎಣ್ಣೆ, ಕಚ್ಚಾತೈಲದ ಹಾಗೆ ಕ್ಷಿಪಣಿಯನ್ನು ನುಂಗಿ ಸುಮ್ಮನಿರುವಂಥದ್ದಲ್ಲ. 22 ಭಾರತೀಯರು, ಒಬ್ಬ ಬಾಂಗ್ಲಾದೇಶದವ ಸೇರಿ ರಾತ್ರಿಯೆಲ್ಲ ಬೆಂಕಿಯ ಜೊತೆ ಹೋರಾಡಿದರು. ಐಎನ್‌ಎಸ್ ವಿಶಾಖಪಟ್ಟಣದಿಂದ ಅಗ್ನಿಶಾಮಕ ತಂಡ ಬಂದ ಮೇಲೆ ಅಂತೂ ಆರಿತು. ಆ ಕ್ಯಾಪ್ಟನ್‌ಗೂ ಸಿಬ್ಬಂದಿಗೂ ಅಂತರರಾಷ್ಟ್ರೀಯ ಸಮುದ್ರಯಾನ ಸಂಸ್ಥೆ ಆ ವರ್ಷದ ಶೌರ್ಯ ಪ್ರಶಸ್ತಿ ಕೊಟ್ಟಿತು. ಮಾವ ಈ ಒಂದು ಸುದ್ದಿಗೆ ಮಾತ್ರ ನಗಲಿಲ್ಲ. "ನಾಫ್ತಾವಾ?" ಎಂದು ಎರಡು ಸಲ ಕೇಳಿದರು.

ಸುತ್ತು ಹಾಕಲು ದಾರಿ ಇದ್ದಾಗ

ಇಷ್ಟೆಲ್ಲ ಆದರೂ ಸಾವಿನ ಲೆಕ್ಕ ಆಗಿನದೇ ದೊಡ್ಡದು ತಾನೇ ಎಂದು ಮಾವ ಕೇಳಬಹುದು, ಕೇಳುತ್ತಲೂ ಇರುತ್ತಾರೆ. ನಕ್ಷೆ ನೋಡಿ ಕೂತಾಗ ನನಗೆ ಹೊಳೆದದ್ದು ಇಷ್ಟು. ಪರ್ಷಿಯನ್ ಕೊಲ್ಲಿ ಒಂದು ಕುರುಡು ಓಣಿ. ಎಣ್ಣೆ ಅದರ ಒಳಗಿದೆ, ಬಾಗಿಲು ಒಂದೇ, ಹೊರ್ಮುಜ್. ಎಣ್ಣೆ ಬೇಕಾದವನು ಒಳಗೆ ಹೋಗಲೇಬೇಕು. ಹಾಗಾಗಿ ಎಲ್ಲರೂ ಹೋದರು. ಜಪಾನಿನ ದೊಡ್ಡ ಕಂಪನಿಗಳು, ಗ್ರೀಸಿನವರು, ನಾರ್ವೆಯವರು, ಅಮೆರಿಕದ ಬಾವುಟ ಕಟ್ಟಿದವರು, ಜಗತ್ತಿನ ಅತಿ ದೊಡ್ಡ ಹಡಗೂ ಹೋಯಿತು. ಎಲ್ಲರೂ ಹೋಗುತ್ತಿದ್ದರಿಂದಲೇ ಅದು ಎಲ್ಲರ ತಲೆನೋವಾಯಿತು. ವಿಮೆಯವರು, ಸರಕಾರಗಳು, ವಿಶ್ವಸಂಸ್ಥೆ, ನೌಕಾಪಡೆಗಳು ಎಲ್ಲರೂ ಎದ್ದು ಕೂತರು. ಅವರು ಬಂದದ್ದರಿಂದ ಒಳ್ಳೆಯದೇ ಆಯಿತು ಎನ್ನಲಾರೆ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದು 290 ಜನ ಸತ್ತದ್ದೂ ಇದೇ ಕಾವಲಿನ ಕಾಲದಲ್ಲಿ.

ಕೆಂಪು ಸಮುದ್ರ ಓಣಿಯಲ್ಲ, ಎರಡು ಕಡೆ ಬಾಗಿಲಿರುವ ಹಾದಿ. ಬೇಡವಾದರೆ ಆಫ್ರಿಕಾದ ತುದಿ ಸುತ್ತಿ ಹೋಗಬಹುದು. ಹತ್ತು ದಿನಕ್ಕೂ ಮಿಕ್ಕಿ ತಡ, ಅಷ್ಟು ಇಂಧನ ಹೆಚ್ಚು, ಆದರೆ ಹೋಗಬಹುದು. 2023ರ ಡಿಸೆಂಬರ್ ಕಳೆಯುವುದರೊಳಗೆ ಮೇರ್ಸ್ಕ್, ಎಂಎಸ್‌ಸಿ, ಹಾಪಾಗ್ ಲಾಯ್ಡ್‌ನಂಥ ದೊಡ್ಡ ಕಂಟೇನರ್ ಕಂಪನಿಗಳು ಹಡಗುಗಳನ್ನು ಆ ಕಡೆ ತಿರುಗಿಸತೊಡಗಿದವು. ಸುತ್ತಿನ ಖರ್ಚನ್ನು ಬಾಡಿಗೆಗೆ ಸೇರಿಸಿ ಗಿರಾಕಿಯಿಂದ ವಸೂಲಿ ಮಾಡಿದವು. ಸೂಯೆಜ್ ಕಾಲುವೆಯ ಸಂಚಾರ ಅರ್ಧಕ್ಕಿಂತ ಕೆಳಗಿಳಿಯಿತು. ಅಪಾಯದ ದಾರಿಯಲ್ಲಿ ಉಳಿದವರಲ್ಲಿ ಕೆಲವರು ಹೂಥಿಗಳು ತಮ್ಮನ್ನು ಮುಟ್ಟಲಾರರು ಎಂಬ ಧೈರ್ಯದವರು. ಇನ್ನುಳಿದವರು ಗೊಬ್ಬರ, ಗೋಧಿ, ಸಿಮೆಂಟು, ಕಲ್ಲಿದ್ದಲು ಹೊರುವ ಬಿಡಿ ಹಡಗುಗಳ ಮಾಲೀಕರು. ಇವರ ಸರಕು ಅಗ್ಗದ್ದು, ಸುತ್ತು ಹಾಕಿದರೆ ಲಾಭ ಹೋಗುತ್ತದೆ. ಮೊದಲು ಮುಳುಗಿದ ರುಬಿಮಾರ್ ಗೊಬ್ಬರ ಹೊತ್ತ ಹಳೆಯ ಹಡಗು. ಟ್ಯೂಟರ್, ಟ್ರೂ ಕಾನ್ಫಿಡೆನ್ಸ್, 2025ರ ಜುಲೈಯಲ್ಲಿ ಒಂದೇ ವಾರದಲ್ಲಿ ಮುಳುಗಿದ ಮ್ಯಾಜಿಕ್ ಸೀಸ್ ಮತ್ತು ಎಟರ್ನಿಟಿ ಸಿ, ಎಲ್ಲವೂ ಬಲ್ಕ್ ಕ್ಯಾರಿಯರ್‌ಗಳೇ. ನಾವಿಕರು ಸತ್ತದ್ದು ಹೆಚ್ಚಾಗಿ ಇಂಥ ಹಡಗುಗಳಲ್ಲಿ.

ಈಗ ಸಾವು ಕಡಿಮೆಯಾಗಿರುವುದಕ್ಕೆ ಸಮುದ್ರ ಸುರಕ್ಷಿತವಾದದ್ದು ಕಾರಣವಲ್ಲ. ತಪ್ಪಿಸಿಕೊಳ್ಳಲು ದುಡ್ಡಿದ್ದವರೆಲ್ಲ ತಪ್ಪಿಸಿಕೊಂಡಿದ್ದಾರೆ. ಅಂಕಿಯಲ್ಲಿ ಕಾಣದ್ದು ಇದು, ಅಕ್ಕನ ಹೊಟ್ಟೆಯ ಸಂಕಟಕ್ಕೆ ಗೊತ್ತಿದ್ದದ್ದೂ ಇದೇ ಇರಬೇಕು. ಮಾವನ ಅಪಾಯವನ್ನು ಇಡೀ ಹಡಗು ಲೋಕ ಹಂಚಿಕೊಂಡಿತ್ತು. ಅವಳ ಮಗನ ಅಪಾಯವನ್ನು ಹಂಚಿಕೊಂಡವರು ಕೆಲವೇ ಹಡಗುಗಳ ಹುಡುಗರು. ಜಗತ್ತಿಗೆ ಸುತ್ತು ದಾರಿ ಸಿಕ್ಕಿದ ಮೇಲೆ ಅವರ ಬಗ್ಗೆ ಅವಸರ ಯಾರಿಗಿದೆ? 2024ರಲ್ಲಿ ಎಷ್ಟೋ ತಿಂಗಳು ಕೆಂಪು ಸಮುದ್ರದ ಸುದ್ದಿ ಪತ್ರಿಕೆಗಳ ವಾಣಿಜ್ಯ ಪುಟಕ್ಕೆ ಸರಿದಿತ್ತು, ಕಂಟೇನರ್ ಬಾಡಿಗೆ ಏರಿತು, ಇಳಿಯಿತು ಎಂದು. ಸೆರೆಸಿಕ್ಕ ಗ್ಯಾಲಕ್ಸಿ ಲೀಡರ್‌ನ 25 ಮಂದಿ ಅಷ್ಟು ಹೊತ್ತಿಗೂ ಯೆಮನ್‌ನಲ್ಲೇ ಇದ್ದರು. 2023ರ ನವೆಂಬರಿನಲ್ಲಿ ಹಿಡಿದವರನ್ನು ಬಿಟ್ಟದ್ದು 2025ರ ಜನವರಿಯಲ್ಲಿ.

ಬೇಡ ಎನ್ನುವ ಹಕ್ಕು

ಮಾವನ ಕಾಲಕ್ಕೆ ಹೋಲಿಸಿದರೆ ನಿಜವಾಗಿಯೂ ಸುಧಾರಿಸಿದ ಒಂದು ವಿಷಯ ಇದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಕಾರ್ಮಿಕ ಸಂಘಗಳೂ ಹಡಗು ಮಾಲೀಕರೂ ಕೂತು ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದದ ಅಡಿ ಬರುವ ಹಡಗಾದರೆ, ಯುದ್ಧದ ಪ್ರದೇಶ ಎಂದು ಗುರುತಿಸಿದ ನೀರಿಗೆ ಹೋಗುವ ದಿನಗಳಿಗೆ ಮೂಲ ಸಂಬಳದಷ್ಟೇ ಬೋನಸ್, ಸಾವು ಅಂಗವೈಕಲ್ಯಕ್ಕೆ ಎರಡು ಪಟ್ಟು ಪರಿಹಾರ, ಅದಕ್ಕಿಂತ ಮುಖ್ಯವಾಗಿ ನಾನು ಬರುವುದಿಲ್ಲ ಎನ್ನುವ ಹಕ್ಕು. ಹಾಗೆಂದವನನ್ನು ಕಂಪನಿಯ ಖರ್ಚಿನಲ್ಲಿ ಊರಿಗೆ ಕಳಿಸಬೇಕು. ಫಿಲಿಪೈನ್ಸ್ ಸರಕಾರವಂತೂ ಈ ಹಕ್ಕನ್ನು ತನ್ನ ನಾವಿಕರಿಗೆ ಆದೇಶವಾಗಿಯೇ ಹೊರಡಿಸಿತು. ಜಗತ್ತಿನ ಹಡಗುಗಳಿಗೆ ಅತಿ ಹೆಚ್ಚು ಜನರನ್ನು ಕಳಿಸುವ ಐದು ದೇಶಗಳಲ್ಲಿ ನಾವೂ ಒಬ್ಬರು, ಹಾಗಾಗಿ ಇದು ನಮ್ಮ ಮನೆಯ ವಿಷಯ.

2025ರ ಜುಲೈ ಕೊನೆಗೆ ಅಳಿಯ ಮತ್ತೆ ರಜೆಯಲ್ಲಿದ್ದ. ಎಟರ್ನಿಟಿ ಸಿ ಮುಳುಗುವ ವಿಡಿಯೋ, ಹೂಥಿಗಳೇ ತೆಗೆದು ಬಿಟ್ಟದ್ದು, ಅವನ ಫೋನಿನಲ್ಲಿತ್ತು. ಅಮ್ಮನಿಗೆ ತೋರಿಸಿರಲಿಲ್ಲ. ಮುಂದಿನ ಕಾಂಟ್ರ್ಯಾಕ್ಟಿಗೆ ಏಜೆಂಟನ ಕರೆ ಬಂದಿತ್ತು. ಹಡಗು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳಿದ್ದಕ್ಕೆ, ಬಾಡಿಗೆಗೆ ಹಿಡಿದವರು ಹೇಳಿದ ಹಾಗೆ ಎಂಬ ಉತ್ತರ. ಹೊರಗೆ ಮಳೆ ಹೊಯ್ಯುತ್ತಿತ್ತು, ಜಗಲಿಯಲ್ಲಿ ನಾವು ಮೂವರೇ. ಮಾವ ಕೇಳಿದರು, "ಬೇಡ ಅಂತ ಹೇಳುಕ್ ಆತ್ತಲ್ಲ ನಿಮಗೆ? ಹೇಳ್‌ಬಿಡು."

"ಹೇಳ್ಲಕ್ಕ್ ಅಜ್ಜ. ಕಾಗದದಲ್ಲಿ ಬರ್ದಿತ್ತ್" ಎಂದ ಅವನು. ಹಿಂದಿನ ಸಲ ಅವನ ಹಡಗಿನ ಕುಕ್ ಹಾಗೆ ಹೇಳಿದ್ದನಂತೆ. ಕ್ಯಾಪ್ಟನ್ ಎಲ್ಲರನ್ನೂ ಮೆಸ್‌ರೂಮಿನಲ್ಲಿ ಸೇರಿಸಿ ಒಂದು ಫಾರಂ ಕೊಟ್ಟಿದ್ದ, ಹೋಗುತ್ತೇನೆ ಅಥವಾ ಹೋಗುವುದಿಲ್ಲ, ಕೆಳಗೆ ಸಹಿ. ಕುಕ್ ಹೋಗುವುದಿಲ್ಲ ಎಂದು ಬರೆದು ಸೂಯೆಜ್‌ನಲ್ಲಿ ಇಳಿದ. ಟಿಕೆಟ್ ಕೊಟ್ಟರು, ಆವತ್ತಿನವರೆಗಿನ ಸಂಬಳ ಕೊಟ್ಟರು, ಒಂದು ಕೆಟ್ಟ ಮಾತೂ ಆಡಲಿಲ್ಲ. ಆ ಆಫೀಸಿನಿಂದ ಅವನಿಗೆ ಮತ್ತೆ ಕರೆ ಬಂದಿಲ್ಲ. ಉಳಿದವರೆಲ್ಲ ಸಹಿ ಹಾಕಿದರು. ಅಡುಗೆಯನ್ನು ಪಾಳಿಯಲ್ಲಿ ತಾವೇ ಮಾಡಿಕೊಂಡು ದಾಟಿದರು.

ಮಾವ ಸ್ವಲ್ಪ ಹೊತ್ತು ಎಲೆ ಜಗಿದರು. ಆಮೇಲೆ, "ನಮಗೆ ಯಾರೂ ಕೇಳ್ಲೇ ಇಲ್ಲ. ಹತ್ತಿದ ಮೇಲೆ ಹಡಗು ಹೋದಲ್ಲಿಗೆ ಹೋಗೂದು. ಕೇಳ್ದೇ ಇದ್ದದ್ದೇ ಒಳ್ಳೇದಿತ್ತ್ ಕಾಣ್. ಸತ್ತಿದ್ರೆ ಕಂಪನಿ ಕೊಂದದ್ದು ಅಂತ ಊರಲ್ಲಿ ಹೇಳ್ತಿದ್ರ್. ಈಗ ನೀನು ಸತ್ರೆ ನೀನೇ ಸಹಿ ಹಾಕಿ ಹೋದದ್ದು ಅಂಬ್ರ್" ಎಂದರು.

ಅಳಿಯ ಒಪ್ಪಲಿಲ್ಲ. "ಕೇಳೂದು ಬೇಕ್ ಅಜ್ಜ. ಆದ್ರೆ ನಾನು ಊರಲ್ಲಿಪ್ಪತಿಗೆ ಕೇಳ್ಕ್, ಹಡಗು ಸೂಯೆಜ್ ಮುಟ್ಟಿದ ಮೇಲಲ್ಲ."